ಫೈಲ್ ಸರ್ವರ್ ಆಫೀಸಿನಲ್ಲಿ, ಕೆಲಸ ಮಾಡುವವರು ಮನೆಯಲ್ಲಿ

ಪ್ರಶ್ನೆ: ನಮ್ಮದು ಇಪ್ಪತ್ತು ಜನರ ಆಫೀಸು. ಒಂದು ವಿಂಡೋಸ್ ಸರ್ವರ್ ಇದೆ, ಬ್ಯಾಕಪ್‌ಗೆ ಅಂತ ಪಕ್ಕದಲ್ಲೇ ಒಂದು ನ್ಯಾಸ್ (ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಇದೆ. ಸರ್ವರಿನ ಫೋಲ್ಡರ್ ಎಲ್ಲರ ಕಂಪ್ಯೂಟರಿನಲ್ಲೂ ಝಡ್ ಡ್ರೈವ್ ಆಗಿ ಕಾಣುತ್ತದೆ. ಈಗ ಏಳೆಂಟು ಜನ ವಾರದಲ್ಲಿ ಎರಡು ಮೂರು ದಿನ ಮನೆಯಿಂದ ಕೆಲಸ ಮಾಡುತ್ತಾರೆ. ಫೈಲ್ ಬೇಕಾದಾಗ ಆಫೀಸಿನಲ್ಲಿರುವವರಿಗೆ ಫೋನ್ ಮಾಡಿ ಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ತರಿಸಿಕೊಳ್ಳುತ್ತಾರೆ. ಒಂದೇ ಫೈಲಿಗೆ ನಾಲ್ಕು ಪ್ರತಿ ಆಗಿ, ಯಾವುದು ಹೊಸದು ಅಂತಲೇ ಗೊತ್ತಾಗುವುದಿಲ್ಲ. ನಮ್ಮ ನೆಟ್‌ವರ್ಕ್ ನೋಡಿಕೊಳ್ಳುವವರು ‘ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದರೆ ಆಯಿತು, ಹತ್ತು ನಿಮಿಷದ ಕೆಲಸ’ ಎನ್ನುತ್ತಾರೆ. ಮಾಡಿಸಬಹುದಾ? ಇಲ್ಲದಿದ್ದರೆ ಸುರಕ್ಷಿತವಾದ ದಾರಿ ಯಾವುದು? ಮೊಬೈಲಿನಲ್ಲೂ ಫೈಲ್ ನೋಡುವಂತಾದರೆ ಒಳ್ಳೆಯದು.

ಉತ್ತರ: ಪೋರ್ಟ್ ಫಾರ್ವರ್ಡ್ ಮಾಡಿಸಬೇಡಿ. ಪೋರ್ಟ್ ಅಂದರೆ ಕಂಪ್ಯೂಟರಿನ ಒಂದೊಂದು ಸೇವೆಗೂ ಇರುವ ನಂಬರು ಹಾಕಿದ ಬಾಗಿಲು, ಫಾರ್ವರ್ಡ್ ಮಾಡುವುದೆಂದರೆ ಆ ಬಾಗಿಲನ್ನು ಇಂಟರ್‌ನೆಟ್ ಕಡೆಗೆ ತೆರೆದಿಡುವುದು. ಹತ್ತು ನಿಮಿಷದ ಕೆಲಸ ಅನ್ನುವುದು ನಿಜ. ಆದರೆ ಆ ಪೋರ್ಟ್ ತೆರೆದಿದೆ ಅಂತ ಹೊರಗಿನವರಿಗೆ ಗೊತ್ತಾಗುವುದಕ್ಕೂ ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ಇಡೀ ಇಂಟರ್‌ನೆಟ್ಟನ್ನು ಹಗಲೂ ರಾತ್ರಿ ತಡಕಾಡುವ ಸ್ಕ್ಯಾನರ್‌ಗಳಿವೆ. ಶೋಡಾನ್‌ನಂಥ ತಾಣಗಳು ಯಾವ ವಿಳಾಸದಲ್ಲಿ ಯಾವ ಪೋರ್ಟ್ ತೆರೆದಿದೆ ಎಂಬ ಪಟ್ಟಿಯನ್ನೇ ಇಟ್ಟುಕೊಂಡಿವೆ. ‘ನಮ್ಮದು ಚಿಕ್ಕ ಆಫೀಸು, ನಮ್ಮನ್ನು ಯಾರು ಹುಡುಕಿಕೊಂಡು ಬರುತ್ತಾರೆ’ ಅಂತ ಸಮಾಧಾನ ಮಾಡಿಕೊಳ್ಳುವ ಹಾಗಿಲ್ಲ. ಸ್ಕ್ಯಾನರ್‌ಗೆ ಆಫೀಸು ದೊಡ್ಡದೋ ಚಿಕ್ಕದೋ ಗೊತ್ತಿರುವುದಿಲ್ಲ, ಅದಕ್ಕೆ ಬೇಕಾದ್ದು ಒಂದು ತೆರೆದ ಪೋರ್ಟ್ ಅಷ್ಟೇ.

ವಿಂಡೋಸ್‌ನಲ್ಲಿ ಫೈಲ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ಪ್ರೋಟೋಕಾಲ್ (ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ನಿಯಮ) ಮೇಲೆ, 445ನೇ ಪೋರ್ಟಿನಲ್ಲಿ. ಆಫೀಸಿನ ಒಳಗಿನ ನೆಟ್‌ವರ್ಕಿಗೆ ಅಂತಲೇ ಮಾಡಿದ್ದು ಇದು. ಮೇ 2017ರಲ್ಲಿ ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶ) ಹರಡಿದ್ದು ಇದೇ ಎಸ್‌ಎಂಬಿಯ ಹಳೆಯ ಆವೃತ್ತಿಯಲ್ಲಿದ್ದ ಒಂದು ದೋಷದ ಮೂಲಕ. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳ ಹಿಂದೆ, ಮಾರ್ಚ್‌ನಲ್ಲೇ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳು ಸೇರಿದಂತೆ ಜಗತ್ತಿನ ಎಲ್ಲ ಕಡೆ ಲಕ್ಷಾಂತರ ಕಂಪ್ಯೂಟರ್‌ಗಳು ನಿಂತುಹೋದವು. ಯಾರೂ ಯಾವ ಲಿಂಕನ್ನೂ ಒತ್ತಬೇಕಾಗಿರಲಿಲ್ಲ. ಪೋರ್ಟ್ ಹೊರಗೆ ಕಾಣುತ್ತಿದ್ದರೆ ಸಾಕಿತ್ತು.

ಕೆಲವರು 445 ಬೇಡ ಅಂತ ರಿಮೋಟ್ ಡೆಸ್ಕ್‌ಟಾಪ್‌ನ (ದೂರದ ಕಂಪ್ಯೂಟರಿನ ಪರದೆಯನ್ನು ಇಲ್ಲಿಂದಲೇ ಬಳಸುವ ಸೌಲಭ್ಯ) 3389ನೇ ಪೋರ್ಟನ್ನು ತೆರೆಯುತ್ತಾರೆ. ಅದೂ ಬೇಡ. 2019ರಲ್ಲಿ ಬ್ಲೂಕೀಪ್ ಎಂಬ ದೋಷ ಬಯಲಿಗೆ ಬಂದಾಗ, ಬೆಂಬಲ ನಿಲ್ಲಿಸಿ ಎಷ್ಟೋ ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್ ಬಿಟ್ಟಿತು ಅಂದರೆ ಅದು ಎಂಥ ದೋಷ ಅಂತ ನೀವೇ ಯೋಚಿಸಿ. ದೋಷವೇ ಇಲ್ಲ ಅಂದುಕೊಂಡರೂ, ಪಾಸ್‌ವರ್ಡ್ ಊಹಿಸಿ ಒಳಗೆ ಬರಲು ನೋಡುವ ಬಾಟ್‌ಗಳು ಆ ಪೋರ್ಟಿಗೆ ಸದಾ ಬಡಿಯುತ್ತಲೇ ಇರುತ್ತವೆ. ಇನ್ನು ‘3389 ಬದಲು ಬೇರೆ ನಂಬರ್ ಕೊಡೋಣ’ ಅನ್ನುವವರಿಗೆ: ಅದು ಬೀಗ ಹಾಕದೆ ಮನೆ ನಂಬರಿನ ಬೋರ್ಡು ಮಾತ್ರ ಬದಲಿಸಿದ ಹಾಗೆ. ಸ್ಕ್ಯಾನರ್‌ಗಳು 65,535 ಪೋರ್ಟ್‌ಗಳನ್ನೂ ನೋಡುತ್ತವೆ.

ನಿಮ್ಮ ನ್ಯಾಸ್‌ಗೂ ಇದೇ ಮಾತು. ಈಗಿನ ನ್ಯಾಸ್‌ಗಳಲ್ಲಿ ‘ಹೊರಗಿನಿಂದ ಬಳಸಿ’ ಎಂಬ ಒಂದು ಬಟನ್ ಇರುತ್ತದೆ. ಒತ್ತಿದರೆ ರೂಟರಿನ ಜತೆ ತಾನೇ ಮಾತಾಡಿಕೊಂಡು ಪೋರ್ಟ್ ತೆರೆಯುವ ಮಾಡೆಲ್‌ಗಳೂ ಇವೆ. 2021ರ ಏಪ್ರಿಲ್‌ನಲ್ಲಿ ಕ್ಯೂಲಾಕರ್, 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರಾನ್ಸಮ್‌ವೇರ್‌ಗಳು ಹೀಗೆ ಇಂಟರ್‌ನೆಟ್‌ಗೆ ಮುಖ ಮಾಡಿದ್ದ ಕ್ಯೂನ್ಯಾಪ್ ನ್ಯಾಸ್‌ಗಳನ್ನೇ ಹುಡುಕಿ ಹಿಡಿದವು. ಕ್ಯೂಲಾಕರ್ ಹೊಸದೇನೂ ಮಾಡಲಿಲ್ಲ. ನಾವು ನೀವು ದಿನಾ ಬಳಸುವ ಸೆವೆನ್‌ಝಿಪ್‌ನಿಂದಲೇ ಫೈಲ್‌ಗಳನ್ನು ಪಾಸ್‌ವರ್ಡ್ ಹಾಕಿ ಕಟ್ಟಿಟ್ಟು ಹಣ ಕೇಳಿತು. ನಿಮ್ಮ ರೂಟರಿನಲ್ಲಿ ಯುಪಿಎನ್‌ಪಿ ಅಂತ ಒಂದು ಆಯ್ಕೆ ಇರುತ್ತದೆ, ಒಳಗಿನ ಸಾಧನಗಳು ಹೇಳದೆ ಕೇಳದೆ ಪೋರ್ಟ್ ತೆರೆಯುವುದು ಅದರ ಮೂಲಕ. ಇವತ್ತೇ ಆಫ್ ಮಾಡಿಸಿ.

ಮೊದಲು ಫೈಲ್‌ಗಳನ್ನು ನೋಡಿ, ಆಮೇಲೆ ವಿಪಿಎನ್

ಈ ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ‘ವಿಪಿಎನ್ ಹಾಕಿಸಿ’ ಅನ್ನುತ್ತಾರೆ. ವಿಪಿಎನ್ ಅಂದರೆ ಮನೆಯ ಕಂಪ್ಯೂಟರನ್ನು ಇಂಟರ್‌ನೆಟ್ ಮೂಲಕವೇ ಗುಟ್ಟಾದ ದಾರಿಯಲ್ಲಿ ಆಫೀಸಿನ ನೆಟ್‌ವರ್ಕಿಗೆ ಸೇರಿಸುವ ವ್ಯವಸ್ಥೆ. ನಾನೂ ಅದನ್ನೇ ಹೇಳುತ್ತೇನೆ, ಆದರೆ ಎರಡನೇ ಹೆಜ್ಜೆಯಾಗಿ. ಮೊದಲ ಹೆಜ್ಜೆ ಝಡ್ ಡ್ರೈವ್ ತೆರೆದು ಒಳಗೆ ಏನೇನಿದೆ ಅಂತ ನೋಡುವುದು. ಕೆಲವು ಫೈಲ್‌ಗಳು ಮನೆಗೆ ಬಂದರೆ ಅನುಕೂಲ. ಇನ್ನು ಕೆಲವಕ್ಕೆ ಫೈಲ್ ಅಲ್ಲೇ ಇರಬೇಕು, ಜನರೇ ಅದರ ಹತ್ತಿರ ಹೋಗಬೇಕು. ಇದನ್ನು ವಿಂಗಡಿಸದೆ ಎಲ್ಲದಕ್ಕೂ ಒಂದೇ ದಾರಿ ಮಾಡಿದರೆ ತಿಂಗಳೊಳಗೆ ‘ವಿಪಿಎನ್ ಸ್ಲೋ, ವಾಟ್ಸಾಪ್‌ನಲ್ಲೇ ಕಳಿಸಿ’ ಅನ್ನುವ ಹಳೇ ಕಥೆಗೆ ವಾಪಸ್ ಬಂದಿರುತ್ತೀರಿ. ಸುರಕ್ಷಿತ ದಾರಿ ನಿಧಾನವಾಗಿದ್ದರೆ ಜನ ಅಡ್ಡದಾರಿ ಹಿಡಿಯುತ್ತಾರೆ. ಬೈದು ಪ್ರಯೋಜನವಿಲ್ಲ.

ನಿಧಾನ ಯಾಕಾಗುತ್ತದೆ ಅನ್ನುವುದು ತಿಳಿದಿದ್ದರೆ ವಿಂಗಡಿಸುವುದು ಸುಲಭ. ಎಸ್‌ಎಂಬಿ ತುಂಬಾ ಮಾತುಗಾರ ಪ್ರೋಟೋಕಾಲ್. ಒಂದು ಫೋಲ್ಡರ್ ತೆರೆಯಬೇಕಾದರೂ ‘ಇದು ಇದೆಯಾ, ಸೈಜ್ ಎಷ್ಟು, ನನಗೆ ಅನುಮತಿ ಇದೆಯಾ’ ಅಂತ ಸರ್ವರಿನ ಜತೆ ಹತ್ತಾರು ಸಲ ಕೇಳಿ ಹೇಳಿ ಮಾಡುತ್ತದೆ. ಆಫೀಸಿನ ಒಳಗೆ ಒಂದು ಸಲ ಹೋಗಿ ಬರಲು ಒಂದು ಮಿಲಿಸೆಕೆಂಡ್ ಕೂಡ ಬೇಡ. ಮನೆಯಿಂದ ಅದು 40 ಮಿಲಿಸೆಕೆಂಡ್ ಅಂದುಕೊಳ್ಳಿ. ಒಂದು ದೊಡ್ಡ ಫೋಲ್ಡರ್ ತೆರೆಯಲು ಇಂಥ 200 ಸುತ್ತು ಬೇಕಾದರೆ ಆಫೀಸಿನಲ್ಲಿ ಗೊತ್ತೇ ಆಗುವುದಿಲ್ಲ, ಮನೆಯಲ್ಲಿ 8 ಸೆಕೆಂಡ್ ಸುಮ್ನೆ ಕಾಯಬೇಕು. ಇಂಟರ್‌ನೆಟ್ ಪ್ಲಾನ್ ದುಬಾರಿಯದ್ದು ಮಾಡಿಸಿದರೂ ಈ 8 ಸೆಕೆಂಡ್ ಹೋಗುವುದಿಲ್ಲ, ಯಾಕೆಂದರೆ ಇದು ವೇಗದ ತೊಂದರೆ ಅಲ್ಲ, ದೂರದ ತೊಂದರೆ.

ವೇಗದ ತೊಂದರೆ ಬೇರೆ ಇದೆ. ಮನೆಯವರು ಡೌನ್‌ಲೋಡ್ ಮಾಡಬೇಕಾದರೆ ಆಫೀಸು ಅಪ್‌ಲೋಡ್ ಮಾಡಬೇಕು ಅಲ್ವಾ? ಆಫೀಸಿನ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಹೋಗುವುದು ಎರಡೂವರೆ ಮೆಗಾಬೈಟ್. 200 ಮೆಗಾಬೈಟಿನ ಒಂದು ಡ್ರಾಯಿಂಗ್‌ಗೆ 80 ಸೆಕೆಂಡ್. ನಾಲ್ಕು ಜನ ಒಟ್ಟಿಗೆ ತೆರೆದರೆ ಐದು ನಿಮಿಷ ದಾಟುತ್ತದೆ. ಇಂಟರ್‌ನೆಟ್ ಕೊಡುವವರು ದೊಡ್ಡ ಅಕ್ಷರದಲ್ಲಿ ಬರೆಯುವುದು ಡೌನ್‌ಲೋಡ್ ವೇಗವನ್ನು. ನೀವು ಕೇಳಬೇಕಾದ್ದು ಅಪ್‌ಲೋಡ್ ಎಷ್ಟು ಅಂತ.

ಈಗ ವಿಂಗಡಿಸೋಣ. ವರ್ಡ್, ಎಕ್ಸೆಲ್, ಪಿಡಿಎಫ್, ಪ್ರೆಸೆಂಟೇಶನ್ ಇಂಥವು ಚಿಕ್ಕ ಫೈಲ್‌ಗಳು, ನಾಲ್ಕು ಜನ ತಿದ್ದುವಂಥವು. ನಿಜ ಹೇಳಬೇಕೆಂದರೆ ಇವುಗಳಿಗೆ ಸರ್ವರೇ ಬೇಕಾಗಿಲ್ಲ. ಶೇರ್‌ಪಾಯಿಂಟ್, ಗೂಗಲ್ ಡ್ರೈವ್, ಅಥವಾ ಸ್ವಂತ ಸರ್ವರಿನಲ್ಲೇ ಇರಲಿ ಅಂದರೆ ನೆಕ್ಸ್ಟ್‌ಕ್ಲೌಡ್, ಯಾವುದಾದರೂ ಒಂದಕ್ಕೆ ಸಾಗಿಸಿ. ಒಂದೇ ಫೈಲನ್ನು ಇಬ್ಬರು ಒಟ್ಟಿಗೆ ತಿದ್ದಬಹುದು, ಹಳೆಯ ಆವೃತ್ತಿಗೆ ವಾಪಸ್ ಹೋಗಬಹುದು. ನಿಮ್ಮ ‘ನಾಲ್ಕು ಪ್ರತಿ’ಯ ಕಾಟ ಇಲ್ಲಿಗೇ ಮುಗಿಯುತ್ತದೆ. ಒಂದು ಎಚ್ಚರ ಇರಲಿ: ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಆಯ್ಕೆಯನ್ನು ಅಡ್ಮಿನ್ ಸೆಟ್ಟಿಂಗ್‌ನಲ್ಲೇ ಮುಚ್ಚಿ. ಒಬ್ಬ ಗ್ರಾಹಕರಿಗೆ ಕಳಿಸಿದ ಲಿಂಕ್ ಎಲ್ಲೆಲ್ಲಿಗೆ ಫಾರ್ವರ್ಡ್ ಆಗುತ್ತದೋ ಯಾರಿಗೆ ಗೊತ್ತು. ಇನ್ನು ನೆಕ್ಸ್ಟ್‌ಕ್ಲೌಡ್ ಆರಿಸಿಕೊಂಡರೆ ಅದನ್ನೂ ವಿಪಿಎನ್ ಒಳಗೇ ಇಡಿ. ನಿಮ್ಮದೇ ಸರ್ವರ್ ಆದ್ದರಿಂದ ಹೊರಗೆ ತೆರೆದರೆ ಮೇಲೆ ಹೇಳಿದ ಕಥೆಯೇ ಮತ್ತೆ.

ಎರಡನೆಯದು ಲೆಕ್ಕಪತ್ರದ ಸಾಫ್ಟ್‌ವೇರ್, ಆಕ್ಸೆಸ್ ಡೇಟಾಬೇಸ್ ಥರದವು. ಇವುಗಳನ್ನು ವಿಪಿಎನ್ ಮೂಲಕ ಝಡ್ ಡ್ರೈವಿನಿಂದ ನೇರವಾಗಿ ತೆರೆಯಲೇಬೇಡಿ. ವೇಗ ಒಂದು ಕಡೆ ಇರಲಿ, ಬರೆಯುತ್ತಿರುವಾಗ ಮಧ್ಯದಲ್ಲಿ ಮನೆಯ ವೈಫೈ ಒಂದು ಸಲ ಕಣ್ಣು ಮಿಟುಕಿಸಿದರೆ ಡೇಟಾಬೇಸ್ ಅರ್ಧಂಬರ್ಧ ಬರೆದು ಕೆಟ್ಟುಹೋಗಬಹುದು. ಕ್ಲೌಡ್ ಡ್ರೈವಿನಲ್ಲಿಟ್ಟು ಸಿಂಕ್ ಮಾಡುವುದು ಇನ್ನೂ ಕೆಟ್ಟದ್ದು. ಇಬ್ಬರು ಒಟ್ಟಿಗೆ ತೆರೆದರೆ ಎರಡು ಪ್ರತಿಯಾಗುತ್ತದೆ, ಆಮೇಲೆ ಅವೆರಡನ್ನು ಕೂಡಿಸಲು ಯಾರಿಂದಲೂ ಆಗುವುದಿಲ್ಲ. ಇಲ್ಲಿ ಜನರೇ ಫೈಲಿನ ಹತ್ತಿರ ಹೋಗಬೇಕು. ಅಂದರೆ ವಿಪಿಎನ್ ಸೇರಿ, ಅದರ ಒಳಗಿಂದ ರಿಮೋಟ್ ಡೆಸ್ಕ್‌ಟಾಪ್. ಸಾಫ್ಟ್‌ವೇರ್ ಓಡುವುದು ಆಫೀಸಿನ ಕಂಪ್ಯೂಟರಿನಲ್ಲಿ, ಮನೆಗೆ ಬರುವುದು ಪರದೆಯ ಚಿತ್ರ ಮಾತ್ರ. ಸಂಪರ್ಕ ಕಡಿದರೂ ಕೆಲಸ ಅಲ್ಲಿ ಹಾಗೇ ಇರುತ್ತದೆ, ಮತ್ತೆ ಸೇರಿದಾಗ ಬಿಟ್ಟಲ್ಲಿಂದ ಮುಂದುವರಿಸಬಹುದು. ದೊಡ್ಡ ಡ್ರಾಯಿಂಗ್, ವಿಡಿಯೊ ಕೂಡ ಇದೇ ಗುಂಪಿಗೆ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಒಂದೆರಡು ವಿಷಯ ಮೊದಲೇ ತಿಳಿದಿರಲಿ. ವಿಂಡೋಸ್ ಹೋಮ್ ಆವೃತ್ತಿಯ ಕಂಪ್ಯೂಟರಿಗೆ ಹೊರಗಿನಿಂದ ಹೀಗೆ ಸೇರಲು ಆಗುವುದಿಲ್ಲ, ಪ್ರೋ ಬೇಕು. ವಿಂಡೋಸ್ ಸರ್ವರಿನಲ್ಲಿ ಸುಮ್ನೆ ಸಿಗುವುದು ಎರಡು ಸೆಶನ್ ಮಾತ್ರ, ಅದೂ ಆಡಳಿತದ ಕೆಲಸಕ್ಕೆ. ಏಳೆಂಟು ಜನ ಸರ್ವರಿಗೇ ಸೇರಬೇಕೆಂದರೆ ಪ್ರತ್ಯೇಕ ಲೈಸೆನ್ಸ್ ಕೊಳ್ಳಬೇಕು. ನಿಮ್ಮಂಥ ಆಫೀಸಿಗೆ ಪ್ರತಿಯೊಬ್ಬರೂ ತಮ್ಮ ತಮ್ಮ ಟೇಬಲ್ಲಿನ ಕಂಪ್ಯೂಟರಿಗೇ ಸೇರುವುದು ಸರಳ. ಸಂಜೆ ಹೋಗುವಾಗ ಅದನ್ನು ಆಫ್ ಮಾಡಿ ಹೋದರೆ ಮಾರನೇ ದಿನ ಮನೆಯಿಂದ ಏನೂ ಮಾಡಲಾಗದು. ವೇಕ್-ಆನ್-ಲ್ಯಾನ್ ಎಂಬ ಸೌಲಭ್ಯ ಇದ್ದರೆ ವಿಪಿಎನ್ ಸೇರಿದ ಮೇಲೆ ಅದನ್ನು ಎಬ್ಬಿಸಬಹುದು. ಇಲ್ಲದಿದ್ದರೆ ಆನ್ ಇಟ್ಟು ಲಾಕ್ ಮಾಡಿ ಹೋಗಲು ಹೇಳಿ.

ಯಾವ ವಿಪಿಎನ್?

ಇಂಟರ್‌ನೆಟ್‌ನಲ್ಲಿ ಜಾಹೀರಾತು ಬರುವ, ದೇಶ ಬದಲಿಸಿ ಸಿನಿಮಾ ನೋಡುವ ವಿಪಿಎನ್ ಇದಲ್ಲ. ಅವು ನಿಮ್ಮ ಆಫೀಸಿಗೆ ತಂದು ಬಿಡುವುದಿಲ್ಲ. ನಿಮಗೆ ಬೇಕಾದ್ದು ಆಫೀಸಿನ ರೂಟರ್, ಫೈರ್‌ವಾಲ್ (ಒಳಬರುವುದನ್ನು ತಡೆದು ಪರೀಕ್ಷಿಸುವ ಸಾಧನ) ಅಥವಾ ಒಂದು ಚಿಕ್ಕ ಲಿನಕ್ಸ್ ಪೆಟ್ಟಿಗೆಯ ಮೇಲೆ ಓಡುವ ವಿಪಿಎನ್ ಸರ್ವರ್.

ವೈರ್‌ಗಾರ್ಡ್ ನನ್ನ ಮೊದಲ ಆಯ್ಕೆ. ಕೋಡ್ ಚಿಕ್ಕದು, ಓದಿ ಪರೀಕ್ಷಿಸುವಂಥದ್ದು. ಮಾರ್ಚ್ 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಕರ್ನೆಲ್ (ಲಿನಕ್ಸ್‌ನ ತಿರುಳು) ಒಳಗೇ ಇದೆ. ಇದರ ಒಂದು ಗುಣ ನನಗೆ ತುಂಬಾ ಇಷ್ಟ: ಸರಿಯಾದ ಕೀ (ಸಾಧನದಲ್ಲಿ ಇಟ್ಟಿರುವ ರಹಸ್ಯ ಸಂಕೇತ) ಇಲ್ಲದ ಪ್ಯಾಕೆಟ್ (ನೆಟ್‌ವರ್ಕಿನಲ್ಲಿ ಸಾಗುವ ಡೇಟಾದ ತುಣುಕು) ಬಂದರೆ ಇದು ಉತ್ತರವನ್ನೇ ಕೊಡುವುದಿಲ್ಲ. ಸ್ಕ್ಯಾನರ್‌ಗೆ ಅಲ್ಲಿ ಏನಾದರೂ ಇದೆ ಅಂತಲೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಯುಡಿಪಿ 51820ನೇ ಪೋರ್ಟಿನಲ್ಲಿ ಕೂರುತ್ತದೆ. ಪೋರ್ಟ್ ತೆರೆಯಬೇಡಿ ಅಂದವರು ನೀವೇ ಅಲ್ವಾ ಅಂತ ಕೇಳಬಹುದು. ಹೌದು, ಇದೊಂದು ತೆರೆಯಬೇಕು. ಫೈಲ್ ಸರ್ವರನ್ನು ಬಯಲಿಗಿಡುವುದಕ್ಕೂ, ಅಪರಿಚಿತರಿಗೆ ತುಟಿಯನ್ನೇ ಬಿಚ್ಚದ ಒಂದು ಕಾವಲುಗಾರನನ್ನು ಮುಂದೆ ನಿಲ್ಲಿಸುವುದಕ್ಕೂ ವ್ಯತ್ಯಾಸವಿದೆ.

ವೈರ್‌ಗಾರ್ಡ್‌ನ ಕೊರತೆ ಅಂದರೆ ಅದಕ್ಕೆ ಗೊತ್ತಿರುವುದು ಕೀ ಮಾತ್ರ. ಯೂಸರ್‌ನೇಮ್, ಒಟಿಪಿ ಇವೆಲ್ಲ ಅದರೊಳಗೆ ಇಲ್ಲ. ಲ್ಯಾಪ್‌ಟಾಪ್ ಕದ್ದವರ ಕೈಗೆ ಕೀಯೂ ಸಿಕ್ಕಂತೆಯೇ. ಅವೆಲ್ಲ ಬೇಕೆಂದರೆ ಓಪನ್‌ವಿಪಿಎನ್ ಇದೆ. ಸ್ವಲ್ಪ ನಿಧಾನ, ಸೆಟ್ಟಿಂಗ್ ಜಾಸ್ತಿ, ಆದರೆ ವರ್ಷಗಳಿಂದ ನಂಬಿಕೆ ಗಳಿಸಿದೆ. ಫೈರ್‌ವಾಲ್ ಕಂಪನಿಯದೇ ಐಪಿಸೆಕ್ ವಿಪಿಎನ್ ಇದ್ದರೆ ಅದೂ ಸರಿ. ನಿಮ್ಮ ರೂಟರಿನ ಪಟ್ಟಿಯಲ್ಲಿ ಪಿಪಿಟಿಪಿ ಅಂತ ಕಂಡರೆ ಮಾತ್ರ ಮುಟ್ಟಬೇಡಿ. ಅದರ ಪಾಸ್‌ವರ್ಡ್ ಪರಿಶೀಲನೆಯನ್ನು ಒಂದು ದಿನದೊಳಗೆ ಒಡೆಯಬಹುದು ಅಂತ 2012ರಲ್ಲೇ ತೋರಿಸಿದ್ದಾರೆ. ಆದರೂ ಹಳೇ ರೂಟರ್‌ಗಳಲ್ಲಿ ಇನ್ನೂ ಉಳಿದಿದೆ, ಸೆಟಪ್ ಸುಲಭ ಅಂತ ಹಾಕಿಕೊಡುವವರೂ ಇದ್ದಾರೆ.

ಇನ್ನೊಂದು ಸಾಧ್ಯತೆ ನೋಡಿಕೊಳ್ಳಿ. ಇಂಟರ್‌ನೆಟ್ ಕೊಡುವವರು ಎಷ್ಟೋ ಗ್ರಾಹಕರನ್ನು ಒಂದೇ ಸಾರ್ವಜನಿಕ ಐಪಿ ವಿಳಾಸದ ಹಿಂದೆ ಕೂರಿಸುವುದುಂಟು, ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ನಿಮ್ಮ ರೂಟರ್ ತೋರಿಸುವ ವ್ಯಾನ್ (ಇಂಟರ್‌ನೆಟ್ ಕಡೆಯ) ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ನೀವೂ ಅದರಲ್ಲಿದ್ದೀರಿ. ಆಗ ಹೊರಗಿನಿಂದ ಒಳಗೆ ನೇರ ದಾರಿಯೇ ಇರುವುದಿಲ್ಲ, ಪೋರ್ಟ್ ತೆರೆದರೂ ಉಪಯೋಗವಿಲ್ಲ. ಒಂದೋ ಸ್ಥಿರ ಸಾರ್ವಜನಿಕ ಐಪಿ ಕೇಳಿ ಪಡೆಯಬೇಕು, ಇಲ್ಲವೇ ಟೇಲ್‌ಸ್ಕೇಲ್‌ನಂಥದ್ದನ್ನು ಬಳಸಬೇಕು. ಟೇಲ್‌ಸ್ಕೇಲ್ ಒಳಗೆ ಓಡುವುದು ವೈರ್‌ಗಾರ್ಡೇ. ಆಫೀಸಿನ ಪೆಟ್ಟಿಗೆಯೂ ಮನೆಯ ಲ್ಯಾಪ್‌ಟಾಪೂ ಎರಡೂ ಒಳಗಿನಿಂದ ಹೊರಕ್ಕೆ ಸಂಪರ್ಕ ಮಾಡಿ ಮಧ್ಯದಲ್ಲಿ ಒಂದನ್ನೊಂದು ಹುಡುಕಿಕೊಳ್ಳುತ್ತವೆ, ಆದ್ದರಿಂದ ರೂಟರಿನಲ್ಲಿ ಒಂದು ಪೋರ್ಟನ್ನೂ ತೆರೆಯಬೇಕಾಗಿಲ್ಲ. ಲಾಗಿನ್ ನಿಮ್ಮ ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯ ಮೂಲಕ ಆಗುವುದರಿಂದ ಅಲ್ಲಿನ ಎರಡನೇ ಹಂತದ ಪರಿಶೀಲನೆಯೂ ಜತೆಗೇ ಬರುತ್ತದೆ. ಯಾರು ಒಳಗೆ ಬರಬಹುದು ಎಂಬ ಪಟ್ಟಿ ಬೇರೆ ಕಂಪನಿಯ ಕೈಯಲ್ಲಿರುತ್ತದೆ ಅನ್ನುವುದನ್ನು ಒಪ್ಪಿಕೊಳ್ಳಬೇಕು ಅಷ್ಟೇ. ಪೂರ್ಣಾವಧಿಯ ನೆಟ್‌ವರ್ಕ್ ಸಿಬ್ಬಂದಿ ಇಲ್ಲದ ಇಪ್ಪತ್ತು ಜನರ ಆಫೀಸಿಗೆ ನಾನು ಇದನ್ನೇ ಸೂಚಿಸುತ್ತೇನೆ.

ವಿಪಿಎನ್ ಪೆಟ್ಟಿಗೆ ತಂದು ಕೂರಿಸಿ ಮರೆತುಬಿಡುವಂಥದ್ದೂ ಅಲ್ಲ. 2024ರ ಜನವರಿಯಲ್ಲಿ ಇವಾಂಟಿ ಕಂಪನಿಯ ವಿಪಿಎನ್ ಸಾಧನಗಳಲ್ಲಿ ದೋಷ ಬಯಲಾಗಿ ದಾಳಿಗಳು ಹೆಚ್ಚಾದಾಗ, ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಅಲ್ಲಿನ ಕೇಂದ್ರ ಸರಕಾರದ ಕಚೇರಿಗಳಿಗೆ ಅವನ್ನು ನೆಟ್‌ವರ್ಕಿನಿಂದಲೇ ಕಿತ್ತುಹಾಕಿ ಅಂತ ಆದೇಶ ಕೊಟ್ಟಿತು. ರೂಟರ್ ಮತ್ತು ವಿಪಿಎನ್‌ನ ಫರ್ಮ್‌ವೇರ್ ಅಪ್‌ಡೇಟ್ ಯಾರ ಕೆಲಸ ಅಂತ ಒಬ್ಬರ ಹೆಸರು ಬರೆದಿಡಿ.

ಸೇರಿತು, ಆದರೆ ಫೋಲ್ಡರ್ ತೆರೆಯುತ್ತಿಲ್ಲ

ಇದು ನಿಮಗೂ ಆಗುವ ಸಾಧ್ಯತೆ ಜಾಸ್ತಿ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ವಿಪಿಎನ್ ಸೇರಿದೆ ಅಂತ ಹಸಿರು ಗುರುತು ಬರುತ್ತದೆ. ಝಡ್ ಡ್ರೈವ್ ಒತ್ತಿದರೆ ನೆಟ್‌ವರ್ಕ್ ಪಾತ್ ಸಿಗಲಿಲ್ಲ, ಸಿಸ್ಟಮ್ ಎರರ್ 53 ಎನ್ನುತ್ತದೆ. ಏಳು ಜನರಲ್ಲಿ ಮೂವರಿಗೆ ಮಾತ್ರ ಹೀಗೆ, ಉಳಿದವರಿಗೆ ಸರಿ. ಎಲ್ಲರೂ ವಿಪಿಎನ್ ಬೈಯುತ್ತಾರೆ.

ಆ ಮೂವರ ಮನೆಯ ರೂಟರ್ ಯಾವ ವಿಳಾಸ ಹಂಚುತ್ತಿದೆ ನೋಡಿ. ಬಹುಪಾಲು ರೂಟರ್‌ಗಳು ಅಂಗಡಿಯಿಂದ ಬರುವಾಗಲೇ 192.168.1 ಅಥವಾ 192.168.0 ಸರಣಿಯಲ್ಲಿರುತ್ತವೆ. ಆಫೀಸಿನದೂ ಅದೇ. ಸರ್ವರಿನ ವಿಳಾಸ 192.168.1.10 ಇದ್ದರೆ, ಮನೆಯ ಲ್ಯಾಪ್‌ಟಾಪ್ ‘ಇದು ನನ್ನ ಪಕ್ಕದಲ್ಲೇ ಇದೆ’ ಅಂದುಕೊಂಡು ಮನೆಯೊಳಗೇ ಹುಡುಕುತ್ತದೆ. ಅಲ್ಲಿ ಸಿಗುವುದು ಟಿವಿಯೋ, ಪ್ರಿಂಟರೋ. ವಿಪಿಎನ್ ಕಡೆಗೆ ಆ ಪ್ಯಾಕೆಟ್ ಹೋಗುವುದೇ ಇಲ್ಲ. ಪ್ರತಿಯೊಬ್ಬರ ಮನೆಗೆ ಹೋಗಿ ರೂಟರ್ ಬದಲಿಸುವ ಬದಲು ಆಫೀಸಿನ ಸರಣಿಯನ್ನೇ ಯಾರೂ ಬಳಸದಂಥದ್ದಕ್ಕೆ, 10.83.41ರಂಥದ್ದಕ್ಕೆ, ಬದಲಿಸಿ. ಪ್ರಿಂಟರ್, ಕ್ಯಾಮೆರಾಗಳಿಗೆ ಕೈಯಾರೆ ಕೊಟ್ಟ ವಿಳಾಸಗಳನ್ನೂ ಬದಲಿಸಬೇಕಾಗುವುದರಿಂದ ಒಂದು ರಜಾ ದಿನ ಇಟ್ಟುಕೊಳ್ಳಿ. ವಿಪಿಎನ್ ಹಾಕಿಸುವ ಮೊದಲೇ ಇದನ್ನು ಮುಗಿಸಿದರೆ ಆಮೇಲಿನ ಅರ್ಧ ಫೋನ್ ಕರೆಗಳು ಬರುವುದಿಲ್ಲ.

ಸರಣಿ ಬೇರೆ ಇದ್ದೂ ತೆರೆಯದಿದ್ದರೆ, ಸರ್ವರಿನ ಹೆಸರಿನ ಬದಲು ಐಪಿ ವಿಳಾಸ ಕೊಟ್ಟು ನೋಡಿ. ಹಾಗೆ ತೆರೆದರೆ ತೊಂದರೆ ಹೆಸರು ಹುಡುಕುವುದರಲ್ಲಿದೆ. ಮನೆಯ ಡಿಎನ್‌ಎಸ್‌ಗೆ (ಹೆಸರಿನಿಂದ ವಿಳಾಸ ಹುಡುಕಿಕೊಡುವ ಸೇವೆ) ನಿಮ್ಮ ಸರ್ವರ್ ಯಾರು ಅಂತ ಗೊತ್ತಿಲ್ಲ. ವಿಪಿಎನ್ ಸೆಟ್ಟಿಂಗ್‌ನಲ್ಲಿ ಆಫೀಸಿನ ಡಿಎನ್‌ಎಸ್ ವಿಳಾಸ ಸೇರಿಸಿದರೆ ಸರಿಹೋಗುತ್ತದೆ. ಫೋಲ್ಡರ್ ಪಟ್ಟಿ ಕಾಣುತ್ತದೆ, ಫೈಲ್ ಕಾಪಿ ಮಾಡಲು ಹೋದರೆ ನೇತಾಡುತ್ತದೆ ಅನ್ನುವುದು ಮೂರನೇ ಬಗೆ. ಆಗ ವಿಪಿಎನ್‌ನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಸಂಖ್ಯೆಯನ್ನು ಸ್ವಲ್ಪ ಇಳಿಸಿ ನೋಡಲು ಹೇಳಿ, 1280ಕ್ಕೆ ತಂದರೆ ಬಹುಮಟ್ಟಿಗೆ ಸರಿಯಾಗುತ್ತದೆ.

ಯಾರ ಹೆಸರಿನಲ್ಲಿ, ಎಲ್ಲಿಯವರೆಗೆ

2021ರ ಮೇ ತಿಂಗಳಲ್ಲಿ ಅಮೆರಿಕದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕೊಲೋನಿಯಲ್ ಪೈಪ್‌ಲೈನ್ ಕೆಲವು ದಿನ ನಿಂತುಹೋಯಿತು, ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ನಿಂತವು. ದಾಳಿ ಮಾಡಿದವರು ಒಳಗೆ ಬಂದದ್ದು ಒಂದು ವಿಪಿಎನ್ ಖಾತೆಯಿಂದ. ಆ ಖಾತೆಯನ್ನು ಯಾರೂ ಬಳಸುತ್ತಿರಲಿಲ್ಲ, ಆದರೆ ಮುಚ್ಚಿರಲೂ ಇಲ್ಲ. ಪಾಸ್‌ವರ್ಡ್ ಬಿಟ್ಟರೆ ಎರಡನೇ ಪರಿಶೀಲನೆ ಇರಲಿಲ್ಲ. ವಿಪಿಎನ್ ಇದ್ದೂ ಹೀಗಾಯಿತು ಅನ್ನುವುದನ್ನು ಗಮನಿಸಿ.

ಅದಕ್ಕೇ ಖಾತೆಗಳ ವಿಷಯದಲ್ಲಿ ನಾನು ಸ್ವಲ್ಪ ಹಟ ಹಿಡಿಯುತ್ತೇನೆ. ‘ಆಫೀಸ್’ ಅಂತ ಒಂದೇ ಯೂಸರ್‌ನೇಮ್, ಎಲ್ಲರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಪ್ರತಿಯೊಬ್ಬರಿಗೂ ಅವರದೇ ಖಾತೆ, ಪ್ರತಿ ಸಾಧನಕ್ಕೂ ಅದರದೇ ವಿಪಿಎನ್ ಕೀ. ಆಗ ಒಬ್ಬರು ಕೆಲಸ ಬಿಟ್ಟ ದಿನ ಸಂಜೆಯೊಳಗೆ ಅವರದನ್ನು ಮಾತ್ರ ಮುಚ್ಚಬಹುದು. ಇಲ್ಲದಿದ್ದರೆ ಎಲ್ಲರ ಪಾಸ್‌ವರ್ಡ್ ಬದಲಿಸಬೇಕು, ಹಾಗಾಗಿ ಯಾರೂ ಬದಲಿಸುವುದಿಲ್ಲ.

ಎರಡನೇ ಪರಿಶೀಲನೆಗೆ ಆಥೆಂಟಿಕೇಟರ್ ಆಪ್‌ನ ಆರಂಕಿ ಸಂಖ್ಯೆ ಎಸ್‌ಎಂಎಸ್‌ಗಿಂತ ಒಳ್ಳೆಯದು. ಫೋನಿನಲ್ಲಿ ‘ಹೌದು’ ಒತ್ತಿದರೆ ಸಾಕು ಅನ್ನುವ ಬಗೆಯಲ್ಲಿ ಒಂದು ಅಪಾಯವಿದೆ. 2022ರ ಸೆಪ್ಟೆಂಬರ್‌ನಲ್ಲಿ ಉಬರ್ ಕಂಪನಿಯೊಳಗೆ ನುಗ್ಗಿದವರು ಒಬ್ಬ ಗುತ್ತಿಗೆ ನೌಕರರಿಗೆ ಮತ್ತೆ ಮತ್ತೆ ಇಂಥ ಕೋರಿಕೆ ಕಳಿಸುತ್ತಲೇ ಇದ್ದರು, ಕೊನೆಗೆ ಅವರು ಒಂದಕ್ಕೆ ಒಪ್ಪಿಗೆ ಕೊಟ್ಟುಬಿಟ್ಟರು. ನೀವು ಲಾಗಿನ್ ಮಾಡದೆ ಒಪ್ಪಿಗೆ ಕೇಳಿದರೆ ಅದು ಕಳ್ಳ ಬಾಗಿಲಲ್ಲಿ ನಿಂತಿದ್ದಾನೆ ಅಂತ ಅರ್ಥ, ತಕ್ಷಣ ಫೋನ್ ಮಾಡಿ ಅಂತ ಸಿಬ್ಬಂದಿಗೆ ಹೇಳಿಡಿ. ಸರ್ವರಿನ ಅಡ್ಮಿನ್ ಖಾತೆಗಾದರೂ ಒಂದು ಹಾರ್ಡ್‌ವೇರ್ ಸೆಕ್ಯುರಿಟಿ ಕೀ (ಲಾಗಿನ್ ಮಾಡುವಾಗ ಕಂಪ್ಯೂಟರಿಗೆ ಚುಚ್ಚುವ ಚಿಕ್ಕ ಸಾಧನ) ಕೊಳ್ಳಿ.

ವಿಪಿಎನ್ ಸೇರಿದವರಿಗೆ ಇಡೀ ಆಫೀಸ್ ನೆಟ್‌ವರ್ಕ್ ಕಾಣಬೇಕಾಗಿಲ್ಲ. ಫೈಲ್ ಸರ್ವರಿನ 445, ಡಿಎನ್‌ಎಸ್, ಅವರವರ ಕಂಪ್ಯೂಟರಿನ 3389 ಇಷ್ಟಕ್ಕೆ ಮಾತ್ರ ಫೈರ್‌ವಾಲ್‌ನಲ್ಲಿ ಅನುಮತಿ ಕೊಡಿ. ಕ್ಯಾಮೆರಾ, ಪ್ರಿಂಟರ್, ಬ್ಯಾಕಪ್ ನ್ಯಾಸ್ ಅವರಿಗೆ ಕಾಣಲೇಬಾರದು.

ಫೋಲ್ಡರ್ ಅನುಮತಿಗಳನ್ನೂ ಈ ನೆಪದಲ್ಲಿ ನೋಡಿಬಿಡಿ. ಎಷ್ಟೋ ಆಫೀಸುಗಳಲ್ಲಿ ‘ಎವ್ರಿಒನ್’ಗೆ ಫುಲ್ ಕಂಟ್ರೋಲ್ ಕೊಟ್ಟು ಬಿಟ್ಟಿರುತ್ತಾರೆ, ಸಂಬಳದ ಪಟ್ಟಿಯೂ ಎಲ್ಲರಿಗೂ ತೆರೆಯುತ್ತದೆ. ವಿಂಡೋಸ್‌ನಲ್ಲಿ ಎರಡು ಕಡೆ ಅನುಮತಿ ಇರುತ್ತದೆ, ಶೇರ್‌ನದ್ದು (ಹಂಚಿದ ಫೋಲ್ಡರಿನ ಮೇಲೆ) ಒಂದು, ಎನ್‌ಟಿಎಫ್‌ಎಸ್‌ನದ್ದು (ಡಿಸ್ಕಿನ ಫೈಲಿನ ಮೇಲೆ) ಒಂದು. ನೆಟ್‌ವರ್ಕಿನಿಂದ ಬಂದವರಿಗೆ ಎರಡರಲ್ಲಿ ಯಾವುದು ಬಿಗಿಯೋ ಅದು ಅನ್ವಯಿಸುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಕೊಡುತ್ತಾ ಹೋದರೆ ಆರು ತಿಂಗಳಲ್ಲಿ ಯಾರಿಗೆ ಏನಿದೆ ಅಂತ ಯಾರಿಗೂ ತಿಳಿಯದು. ಅಕೌಂಟ್ಸ್, ಡಿಸೈನ್, ಸೇಲ್ಸ್ ಅಂತ ಗುಂಪು ಮಾಡಿ, ಗುಂಪಿಗೆ ಅನುಮತಿ ಕೊಟ್ಟು, ಜನರನ್ನು ಗುಂಪಿಗೆ ಸೇರಿಸಿ.

ಮನೆಯ ಲ್ಯಾಪ್‌ಟಾಪ್ ಯಾರದ್ದು ಅನ್ನುವುದೂ ಮುಖ್ಯ. ಆಫೀಸಿನದಾದರೆ ಬಿಟ್‌ಲಾಕರ್ ಹಾಕಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿ, ರಿಕವರಿ ಕೀಯನ್ನು ಆಫೀಸಿನಲ್ಲಿ ಭದ್ರವಾಗಿಡಿ. ಕದ್ದರೂ ವೈರ್‌ಗಾರ್ಡ್‌ನ ಕೀ ಅದರೊಳಗೇ ಸಿಕ್ಕಿಕೊಂಡಿರುತ್ತದೆ. ಮಗು ಆಟ ಆಡುವ, ಎಲ್ಲೆಲ್ಲಿಂದಲೋ ಸಾಫ್ಟ್‌ವೇರ್ ಇಳಿಸುವ ಮನೆಯ ಕಂಪ್ಯೂಟರಾದರೆ ಅದಕ್ಕೆ ಝಡ್ ಡ್ರೈವ್ ಕೊಡಲೇಬೇಡಿ. ಅಲ್ಲಿರುವ ವೈರಸ್‌ಗೆ ವಿಪಿಎನ್ ಅಂದರೆ ನಿಮ್ಮ ಸರ್ವರಿಗೆ ಸಿಕ್ಕ ನೇರ ರಸ್ತೆ. ಅವರಿಗೆ ರಿಮೋಟ್ ಡೆಸ್ಕ್‌ಟಾಪ್ ಮಾತ್ರ ಕೊಡಿ, ಅದರಲ್ಲೂ ಕ್ಲಿಪ್‌ಬೋರ್ಡ್ ಮತ್ತು ಡ್ರೈವ್ ಹಂಚಿಕೆಯನ್ನು ಸರ್ವರ್ ಕಡೆಯಿಂದ ಆಫ್ ಮಾಡಿಸಿ.

ಬ್ಯಾಕಪ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಇರಲಾಗದು. ನ್ಯಾಸ್ ಸರ್ವರಿನ ಪಕ್ಕದಲ್ಲೇ ಇದೆ ಅಂದಿರಿ. ಸರ್ವರಿನ ಅಡ್ಮಿನ್ ಪಾಸ್‌ವರ್ಡೇ ನ್ಯಾಸ್‌ಗೂ ಇದ್ದರೆ ರಾನ್ಸಮ್‌ವೇರ್ ಎರಡನ್ನೂ ಒಂದೇ ರಾತ್ರಿಯಲ್ಲಿ ಮುಗಿಸುತ್ತದೆ. ನ್ಯಾಸ್‌ಗೆ ಬೇರೆ ಪಾಸ್‌ವರ್ಡ್ ಇಡಿ, ಸ್ನ್ಯಾಪ್‌ಶಾಟ್ (ಆಯಾ ಹೊತ್ತಿನ ಸ್ಥಿತಿಯನ್ನು ಉಳಿಸಿಡುವ ಸೌಲಭ್ಯ) ಆನ್ ಮಾಡಿ, ವಾರಕ್ಕೊಂದು ಪ್ರತಿ ಕೇಬಲ್ ಕಿತ್ತು ಬೇರೆ ಕಡೆ ಇಡುವ ಡಿಸ್ಕಿಗೆ ಹೋಗಲಿ. ಆಗಾಗ ಒಂದು ಫೈಲನ್ನು ಅದರಿಂದ ವಾಪಸ್ ತೆಗೆದು ತೆರೆದು ನೋಡಿ.

ಎಲ್ಲ ಮುಗಿದ ಮೇಲೆ ಪರೀಕ್ಷೆ ಆಫೀಸಿನ ವೈಫೈನಲ್ಲಿ ಕೂತು ಮಾಡಬೇಡಿ, ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಸೇರಿಸಿ, ವಿಪಿಎನ್ ಇಲ್ಲದೆ ಆಫೀಸಿನ ಸಾರ್ವಜನಿಕ ವಿಳಾಸವನ್ನು ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್‌ನಿಂದ ಸ್ಕ್ಯಾನ್ ಮಾಡಿಸಿ. 445, 3389, ರೂಟರಿನ ಲಾಗಿನ್ ಪುಟ, ನ್ಯಾಸ್‌ನ ಪುಟ ಯಾವುದೂ ಕಾಣಬಾರದು. ಆಮೇಲೆ ವಿಪಿಎನ್ ಸೇರಿ ಫೈಲ್ ತೆರೆಯಿರಿ.

ಕೊನೆಗೆ ಮೊಬೈಲ್. ವೈರ್‌ಗಾರ್ಡ್‌ಗೂ ಟೇಲ್‌ಸ್ಕೇಲ್‌ಗೂ ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಆಪ್ ಇದೆ. ಐಫೋನಿನ ಫೈಲ್ಸ್ ಆಪ್ ಎಸ್‌ಎಂಬಿ ಸರ್ವರಿಗೆ ನೇರವಾಗಿ ಸೇರುತ್ತದೆ, ಆಂಡ್ರಾಯ್ಡ್‌ನಲ್ಲಿ ಅದನ್ನು ಮಾಡುವ ಫೈಲ್ ಮ್ಯಾನೇಜರ್‌ಗಳು ಸಿಗುತ್ತವೆ. ಆದರೆ ನನ್ನನ್ನು ಕೇಳಿದರೆ ಫೋನಿಗೆ ಸರ್ವರ್ ತೋರಿಸುವುದೇ ಬೇಡ. ಫೋನಿನಲ್ಲಿ ನೋಡುವುದು ಹೆಚ್ಚಾಗಿ ಕೊಟೇಶನ್, ಪಿಡಿಎಫ್, ಒಂದು ಶೀಟ್. ಅವು ಹೇಗೂ ಕ್ಲೌಡಿಗೆ ಹೋಗಿರುತ್ತವೆ, ಅದರ ಆಪ್ ಸಾಕು. ಫೋನ್ ಕಳೆದುಹೋದರೆ ಅಡ್ಮಿನ್ ಪುಟದಿಂದ ಆ ಖಾತೆಯನ್ನು ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಬಹುದು. ಮ್ಯಾನೇಜರ್‌ಗೆ ಫೋನಿನಿಂದಲೇ ಸರ್ವರ್ ಬೇಕೇ ಬೇಕು ಅಂದರೆ ಅವರ ಫೋನಿಗೆ ಬೇರೆ ಕೀ ಕೊಡಿ, ಓದುವ ಅನುಮತಿ ಮಾತ್ರ ಇರುವ ಬೇರೆ ಯೂಸರ್ ಮಾಡಿ, ಸ್ಕ್ರೀನ್ ಲಾಕ್ ಇಲ್ಲದ ಫೋನಿಗೆ ಮಾತ್ರ ಹಾಕಿಕೊಡಬೇಡಿ.